ಓದುಗರ ಸ್ಪಂದನ: ಭಾನುವಾರದ ಬಿಳಿ ಅನ್ನ

ಕಳೆದ ಸಂಚಿಕೆಯಲ್ಲಿ ಬೆಂಗಳೂರಿನ ಓದುಗರೊಬ್ಬರು ಹೆಸರು ಬೇಡವೆಂದು ಹೇಳಿ ಹೀಗೆ ಬರೆದಿದ್ದರು:

‘ನನಗೆ 63. ಯಜಮಾನರು ಹೋಗಿ ಎರಡು ವರ್ಷ. ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗಳ ಜೊತೆ ಇದ್ದೇನೆ. ಮೂವರೂ ಚಿನ್ನದಂಥವರು. ಪ್ರತಿ ಭಾನುವಾರ ಹೊರಗೆ ಊಟ. ಒಂದು ವಾರ ಕೊರಿಯನ್, ಒಂದು ವಾರ ಥಾಯ್, ಇನ್ನೊಂದು ವಾರ ಜಪಾನಿ. ಆಮೇಲೆ ಐಸ್‌ಕ್ರೀಮ್ ಅಂಗಡಿ, ಅದರ ಮೇಲೆ ಕಾಫಿ. ನಾನು ಸಸ್ಯಾಹಾರಿ, ಬಿಳಿ ಅನ್ನ ತರಿಸಿಕೊಂಡು ಕೂತಿರುತ್ತೇನೆ. ಹೋದ ತಿಂಗಳು ‘ವೆಜ್’ ಅಂತ ಕೊಟ್ಟ ಸೂಪನ್ನು ಅರ್ಧ ಕುಡಿದ ಮೇಲೆ ಅದರಲ್ಲಿ ಮೀನಿನ ಸಾರು ಇದೆಯೆಂದು ಗೊತ್ತಾಯಿತು. ಯಾರಿಗೂ ಹೇಳಲಿಲ್ಲ. ಮನೆಗೆ ಬಂದು ರಾತ್ರಿ ಹತ್ತೂವರೆಗೆ ತಲೆಗೆ ನೀರು ಹಾಕಿಕೊಂಡೆ. ಬರುವುದಿಲ್ಲ ಅಂದರೆ ಅವರೂ ಹೋಗುವುದಿಲ್ಲ, ಮಗುವಿನ ಮುಖ ಬಾಡುತ್ತದೆ. ಯಾರನ್ನೂ ನೋಯಿಸದೆ ತಪ್ಪಿಸಿಕೊಳ್ಳುವುದು ಹೇಗೆ?’

ನಿರೀಕ್ಷೆಗಿಂತ ಹೆಚ್ಚು ಪತ್ರಗಳು ಬಂದವು. ಸೊಸೆಯನ್ನು ಬೈದು ಬರೆದವನ್ನು ಬದಿಗಿಟ್ಟಿದ್ದೇವೆ. ಮೂಲ ಪತ್ರದಲ್ಲಿ ಸೊಸೆಯ ಮೇಲೆ ಒಂದು ದೂರೂ ಇರಲಿಲ್ಲ. ಮೊದಲು, ಸಿಕ್ಕ ಪತ್ರಗಳಲ್ಲೇ ಚಿಕ್ಕದು:

ನನ್ನ ಮಗ ಫೋನ್ ಮಾಡಿ ಮೂರು ತಿಂಗಳಾಯಿತು. ನಿಮ್ಮ ಮಗ ಪ್ರತಿ ವಾರ ಕಾರಿನ ಬಾಗಿಲು ತೆಗೆದು ಕೂರಿಸಿಕೊಂಡು ಹೋಗುತ್ತಾನೆ. ಇದು ಸಮಸ್ಯೆಯಾ? ಬಾಯಿ ಮುಚ್ಚಿಕೊಂಡು ಹೋಗಿ ಬನ್ನಿ.
– ಒಬ್ಬ ತಾಯಿ, ತುಮಕೂರು

ನಾನು ಆ ಮನೆಯ ಸೊಸೆಯಲ್ಲ, ಆದರೆ ಅಂಥವಳೇ. ಭಾನುವಾರ ಒಂದು ದಿನ ನಾನು ಗ್ಯಾಸ್ ಹಚ್ಚುವುದಿಲ್ಲ. ಅದು ನನ್ನ ರಜೆ. ನಮ್ಮತ್ತೆಯನ್ನು ಕೇಳುತ್ತೇನೆ, ‘ಅಮ್ಮ ಏನು ತಗೋತೀರಾ?’ ‘ನಂಗೇನೂ ಬೇಡಮ್ಮ, ನೀವು ತಿನ್ನಿ.’ ಸರಿ, ಅನ್ನ ಹೇಳುತ್ತೇನೆ. ಮಾರನೇ ದಿನ ನಾದಿನಿಯ ಫೋನು: ‘ಅಮ್ಮಂಗೆ ಬರೀ ಅನ್ನ ತಿನ್ನಿಸಿದ್ಯಂತೆ?’ ಏನೂ ಬೇಡ ಅಂದರೆ ಏನೂ ಬೇಡ ಅಂತಲೇ ಅರ್ಥ ಮಾಡಿಕೊಳ್ಳುವ ಕಾಲದಲ್ಲಿ ಬೆಳೆದವಳು ನಾನು. ದಯವಿಟ್ಟು ಬಾಯಿಬಿಟ್ಟು ಹೇಳಿ. ಬೇಜಾರಾಗುವುದಿಲ್ಲ. ಬೇಜಾರಾದರೂ ಐದು ನಿಮಿಷದಲ್ಲಿ ಸರಿಹೋಗುತ್ತೇವೆ.
– ಓದುಗಿ, ಮೈಸೂರು

ತಿಂದದ್ದು ಏನೇ ಇರಲಿ, ಬಿಲ್ ನೋಡಿದಿರಾ? ‘ಸರ್ವಿಸ್ ಚಾರ್ಜ್ 10%’ ಅಂತ ಕೊನೆಯಲ್ಲಿ ಸೇರಿಸಿರುತ್ತಾರೆ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಜಿಎಸ್‌ಟಿ ಬೇರೆ, ಇದು ಬೇರೆ. ತೆಗೆಯಿರಿ ಎಂದು ಕೇಳಲು ನಾಚಿಕೆಪಡಬೇಕಿಲ್ಲ. ನಾನು ಕೇಳುತ್ತೇನೆ. ನನ್ನ ಮಕ್ಕಳು ಆಗ ಹೊರಗೆ ಹೋಗಿ ನಿಲ್ಲುತ್ತಾರೆ.
– ನಿವೃತ್ತ ಬ್ಯಾಂಕ್ ನೌಕರ, ಹಾಸನ

ಮಾಹಿತಿಗೆ ಕೃತಜ್ಞತೆ. ಮುಂದಿನ ಪತ್ರ ಉದ್ದವಿದೆ, ಮೊಟಕು ಮಾಡಲು ನಮಗೆ ಮನಸ್ಸಾಗಲಿಲ್ಲ.

ಆ ಪತ್ರ ಓದಿ ಎರಡು ದಿನ ಸುಮ್ಮನಿದ್ದೆ. ಉತ್ತರ ಕೊಡುವ ಯೋಗ್ಯತೆ ನನಗಿಲ್ಲ, ಆದರೂ ಬರೆಯುತ್ತಿದ್ದೇನೆ.

ನಮ್ಮ ಅಪ್ಪ ಧಾರವಾಡದ ಹತ್ತಿರದ ಹಳ್ಳಿಯಲ್ಲಿ ಕನ್ನಡ ಶಾಲೆ ಮಾಸ್ತರ. ನಿವೃತ್ತಿ ಆದ ಮೇಲೆ ಅವ್ವ ಅಪ್ಪ ಇಬ್ಬರೂ ಬೆಂಗಳೂರಿಗೆ ನನ್ನ ಕಡೆ ಬಂದರು. 2016ರಲ್ಲಿ ನನಗೆ ಪ್ರಮೋಷನ್ ಆಯಿತು. ಇಂದಿರಾನಗರದ ಒಂದು ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋದೆ. ಕೆಂಪು ದೀಪ, ಕರಿ ಮೇಜು, ಗೋಡೆ ತುಂಬ ಡ್ರ್ಯಾಗನ್. ಅವ್ವ ಕೂಡುತ್ತಲೇ ‘ನನಗ ಚಮಚಾ ಕೊಡ್ರಿ’ ಅಂದು ಪಾರಾದಳು. ಅಪ್ಪ ಮಾಸ್ತರ ಅಲ್ಲವೇ, ಕಲಿಯಬೇಕು. ಚಾಪ್‌ಸ್ಟಿಕ್ ಕೈಗೆ ತೆಗೆದುಕೊಂಡ, ಹುಡುಗರಿಗೆ ಸೀಸದಕಡ್ಡಿ ಹಿಡಿಯುವುದನ್ನು ತೋರಿಸುವ ಹಾಗೆ ಎರಡೂ ಕಡ್ಡಿ ಹಿಡಿದ. ನೂಡಲ್ಸ್ ಜಾರಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ಬಿತ್ತು. ನಾನು ನಕ್ಕೆ. ನಕ್ಕಿದ್ದು ಸಾಲದು ಅಂತ ‘ಇನ್ನೊಮ್ಮೆ ಹಿಡಿ’ ಅಂದು ವಿಡಿಯೋ ಮಾಡಿದೆ, ಅಲ್ಲೇ ಕೂತು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಅಪ್ಪನೂ ನಕ್ಕ. ಪಕ್ಕದ ಮೇಜಿನವರೂ ನಕ್ಕರು. ಆಮೇಲೆ ಅಪ್ಪ ಎರಡೂ ಕಡ್ಡಿ ಒರೆಸಿ, ತುದಿಗೆ ತುದಿ ಜೋಡಿಸಿ, ಮೊದಲು ಇದ್ದ ಕಾಗದದ ಚೀಲದೊಳಗೆ ವಾಪಸ್ ಹಾಕಿ, ‘ಹೊಟ್ಟಿ ತುಂಬೇತಿ’ ಅಂದ.

ಆಮೇಲೆ ಎಂದು ಕರೆದರೂ ಒಂದೇ ಮಾತು: ‘ಹೊಟ್ಟಿ ಬರೊಬ್ಬರಿ ಇಲ್ಲಪಾ, ನೀವ್ ಹೋಗಿ ಬರ್ರಿ.’ ಐದು ವರ್ಷ ಅಪ್ಪನ ಹೊಟ್ಟೆ ಭಾನುವಾರ ಮಾತ್ರ ಕೆಡುತ್ತಿತ್ತು. ನನಗೆ ಅದು ತಿಳಿಯಲಿಲ್ಲ. ತಿಳಿದುಕೊಳ್ಳುವ ಪುರಸೊತ್ತು ಇರಲಿಲ್ಲ ಅಂದರೂ ಸರಿಯೇ. 2021ರ ಮೇನಲ್ಲಿ ತೀರಿಕೊಂಡ.

ಅಪ್ಪ ದಿನದ ಖರ್ಚು ಬರೆದಿಡುತ್ತಿದ್ದ, ಉದ್ದನೆಯ ಲೆಕ್ಕದ ಪುಸ್ತಕಗಳಲ್ಲಿ. ವರ್ಷಾಂತಿಕ ಮುಗಿದ ಮೇಲೆ ಒಂದೊಂದೇ ತೆಗೆದು ನೋಡಿದೆ. ಆ ದಿನದ ಪುಟದಲ್ಲಿ ದುಂಡಗೆ ಬರೆದಿದೆ: ‘ಹೋಟೆಲ್ ಊಟ – ಮಗ ಕೊಟ್ಟ.’ ಅದರ ಕೆಳಗಿನ ಸಾಲು: ‘ಬಾಳೆಹಣ್ಣು 4 – ರೂ. 20.’ ನಾನು ಗಾಡಿ ಹಚ್ಚಿ ಬರುವಷ್ಟರಲ್ಲಿ ‘ಒಂದೀಟು ಅಡ್ಡಾಡಿ ಬರ್ತೀನಿ’ ಅಂತ ಬೀದಿಯ ತುದಿಗೆ ಹೋಗಿದ್ದು ಆಗ ನೆನಪಾಯಿತು.

ಆಮೇಲೆ ಕೆಲಸದ ಮೇಲೆ ಬ್ಯಾಂಕಾಕಿಗೆ ಹೋದೆ. ಅಲ್ಲಿನ ಜನ ಅನ್ನ ಉಣ್ಣುವುದು ಚಮಚ ಮತ್ತು ಫೋರ್ಕಿನಲ್ಲಿ, ಕಡ್ಡಿ ಹೆಚ್ಚಾಗಿ ನೂಡಲ್ಸ್‌ಗೆ. ಜಪಾನಿನ ಸಹೋದ್ಯೋಗಿಯೊಬ್ಬ ಸುಶಿಯನ್ನು ಕೈಯಿಂದಲೇ ಎತ್ತಿ ಬಾಯಿಗೆ ಹಾಕಿಕೊಂಡ. ಹಾಗೆ ತಿನ್ನಬಹುದಾ ಅಂತ ಕೇಳಿದೆ. ‘ಯಾಕಾಗಬಾರದು, ನಮ್ಮಲ್ಲಿ ಅದೂ ಪದ್ಧತಿಯೇ’ ಅಂದ. ಅವತ್ತು ನಾನು ಊಟ ಮುಗಿಸಲಿಲ್ಲ.

ಅಮ್ಮಾ, ನಿಮ್ಮ ಪತ್ರ ಇರುವ ಪುಟ ಹರಿದು ಮಗನ ಲ್ಯಾಪ್‌ಟಾಪಿನ ಮೇಲೆ ಇಡಿ. ಅವನು ಕೆಟ್ಟವನಿರಲಿಕ್ಕಿಲ್ಲ. ನಾನೂ ಇರಲಿಲ್ಲ.
– ಮಗ, ಬೆಂಗಳೂರು

ಸೂಪಿನ ವಿಷಯಕ್ಕೆ ಬಂದ ಉತ್ತರಗಳಲ್ಲಿ ಅಡುಗೆಮನೆಯ ಬಾಗಿಲಲ್ಲೇ ನಿಂತು ಬರೆದಂತಿರುವುದು ಇದು.

ನಾನು ಬೈಂದೂರು ಕಡೆಯವನು. ಅಜ್ಜ ಮುಂಬೈಯಲ್ಲಿ ಉಡುಪಿ ಹೋಟೆಲ್ ಮಾಣಿ, ನಾನು ಬೆಂಗಳೂರಿನಲ್ಲಿ ಥಾಯ್ ಹೋಟೆಲ್ ಕ್ಯಾಪ್ಟನ್. ಕೆಲಸ ಒಂದೇ, ಟೈ ಮಾತ್ರ ಹೊಸದು.

‘ವೆಜ್ ಇದೆಯಾ’ ಅಂತ ಕೇಳಬೇಡಿ. ಇದೆ ಅಂತಲೇ ಹೇಳುತ್ತಾರೆ. ಕೆಲವು ಕಿಚನ್‌ಗಳಲ್ಲಿ ವೆಜ್ ಅಂದರೆ ಮೇಲೆ ತುಂಡು ಕಾಣುವುದಿಲ್ಲ ಅಂತಷ್ಟೇ. ‘ಫಿಶ್ ಸಾಸ್ ಹಾಕಿದ್ದೀರಾ, ಕರಿ ಪೇಸ್ಟ್‌ನಲ್ಲಿ ಸಿಗಡಿ ಇದೆಯಾ’ ಅಂತ ಕೇಳಿ. ಫಿಶ್ ಸಾಸ್ ಆದರೆ ಬಿಟ್ಟು ಸೋಯಾ ಸಾಸ್ ಹಾಕಬಹುದು. ಪೇಸ್ಟ್ ಹಾಗಲ್ಲ. ಕೆಂಪು ಕರಿ, ಹಸಿರು ಕರಿ ಎರಡಕ್ಕೂ ಬೆಳಿಗ್ಗೆಯೇ ರುಬ್ಬಿಟ್ಟಿರುತ್ತಾರೆ, ಹುದುಗಿಸಿದ ಸಿಗಡಿ ಅದರೊಳಗೇ ಸೇರಿರುವುದು ರೂಢಿ. ಕೆಲವು ಕಡೆ ವೆಜ್‌ಗೆ ಬೇರೆ ಪೇಸ್ಟ್ ಇರುತ್ತದೆ, ಇಲ್ಲದಿದ್ದರೆ ನಾವು ಏನು ಮಾಡಿದರೂ ತೆಗೆಯಲಾಗದು. ಪರಂಗಿಕಾಯಿ ಸಲಾಡಿನಲ್ಲಿ ಒಣಸಿಗಡಿ. ಕಿಮ್ಚಿ ನೋಡಲು ಎಲೆಕೋಸಿನ ಉಪ್ಪಿನಕಾಯಿ, ಒಳಗೆ ಉಪ್ಪಿನಲ್ಲಿ ಹುದುಗಿಸಿದ ಪುಟ್ಟ ಸಿಗಡಿ. ನೀವು ಕುಡಿದದ್ದು ಜಪಾನಿನ ಮಿಸೊ ಸೂಪ್ ಇರಬೇಕು. ಅದರ ತಳದಲ್ಲಿ ದಾಶಿ ಅಂತ ಒಂದು ತಿಳಿಸಾರು, ಸಾಮಾನ್ಯವಾಗಿ ಹೊಗೆ ಹಿಡಿಸಿ ಒಣಗಿಸಿದ ಬೊನಿಟೊ ಮೀನಿನ ಹೆರೆತದಿಂದ ಮಾಡಿದ್ದು. ಸಮುದ್ರಪಾಚಿ, ಅಣಬೆಯಿಂದಲೂ ದಾಶಿ ಮಾಡುತ್ತಾರೆ, ಅಲ್ಲಿನ ಬೌದ್ಧ ಮಠಗಳ ಅಡುಗೆಗೆ ಅದೇ. ಥಾಯ್ ಭಾಷೆಯಲ್ಲಿ ‘ಜೇ’ ಅಂತ ಒಂದು ಮಾತಿದೆ. ಮೀನು, ಮಾಂಸ, ಮೊಟ್ಟೆ, ಹಾಲು ಮಾತ್ರವಲ್ಲ, ಬೆಳ್ಳುಳ್ಳಿಯೂ ಇಲ್ಲ ಅಂತ ಅರ್ಥ. ಥಾಯ್ಲೆಂಡಿನ ಬಾಣಸಿಗ ಇದ್ದರೆ ಆ ಒಂದು ಪದ ಸಾಕು.

ಇನ್ನೊಂದು. ಭಾನುವಾರ ನಮ್ಮಲ್ಲಿ ಮೂಲೆಯ ಕುರ್ಚಿಯಲ್ಲಿ ನಿಮ್ಮಂಥ ಒಬ್ಬ ಅಮ್ಮ ಇದ್ದೇ ಇರುತ್ತಾರೆ. ಎಸಿ ಗಾಳಿಗೆ ಸೆರಗು ಹೊದ್ದುಕೊಂಡು, ಮುಂದೆ ಬಿಳಿ ಅನ್ನ. ನಾವು ಕೇಳದೆಯೇ ಬಿಸಿನೀರು ತಂದಿಡುತ್ತೇವೆ. ನೀವು ಮಾಂಗೊ ಸ್ಟಿಕಿ ರೈಸ್ ತರಿಸಿ. ಅಂಟಕ್ಕಿ, ತೆಂಗಿನ ಹಾಲು, ಮಾವು, ಸಕ್ಕರೆ, ಚಿಟಿಕೆ ಉಪ್ಪು. ನನ್ನ ಅಮ್ಮ ಒಂದು ಸಲ ತಿಂದು, ‘ಇದಕ್ಕೆ ಬೆಲ್ಲ ಹಾಕಿದ್ರೆ ನಮ್ದೇ’ ಅಂದಳು.
– ಕ್ಯಾಪ್ಟನ್, ಬೆಂಗಳೂರು

ಏಷ್ಯನ್ ಏಷ್ಯನ್ ಅಂತ ಹೆದರುತ್ತೀರಲ್ಲ, ಗೋಬಿ ಮಂಚೂರಿ ಯಾವ ಖಂಡದ್ದು? ನಮ್ಮಲ್ಲಿ ಜಾತ್ರೆ ತೇರಿನ ಪಕ್ಕ ಅದರದ್ದೇ ಗಾಡಿ. 2024ರ ಮಾರ್ಚ್‌ನಲ್ಲಿ ಸರ್ಕಾರ ಕೃತಕ ಬಣ್ಣ ನಿಷೇಧಿಸಿದ ಮೇಲೆ ಕೆಂಪು ಹೋಗಿ ಕಂದು ಬಂತು, ಮೂರು ದಿನ ಜನ ಮೂಗು ಮುರಿದರು, ನಾಲ್ಕನೇ ದಿನ ಸಾಲು ನಿಂತರು. ಎಲ್ಲ ಅಭ್ಯಾಸ ಸ್ವಾಮಿ.
– ಓದುಗ, ದಾವಣಗೆರೆ

ನಾನು ಎಂಟನೇ ಕ್ಲಾಸು. ನಮ್ಮಜ್ಜಿಗೆ ಮಾಲ್‌ನಲ್ಲಿ ಬಬಲ್ ಟೀ ಕೊಡಿಸಿದ್ವಿ. ದಪ್ಪ ಸ್ಟ್ರಾದಲ್ಲಿ ಕರೀ ಉಂಡೆ ಬಾಯಿಗೆ ಬಂದ ತಕ್ಷಣ ಅಜ್ಜಿ ಅಂಗೈಗೆ ಉಗುಳಿ, ಕನ್ನಡಕ ಏರಿಸಿ ನೋಡಿ, ‘ಇದು ಸಬ್ಬಕ್ಕಿ ಕಣೇ! ಪಾಯಸಕ್ಕೆ ಹಾಕೋದನ್ನ ಟೀಗೆ ಹಾಕಿದಾರೆ, 280 ರೂಪಾಯಿ!’ ಅಂದರು. ಅಂಗಡಿ ಅಣ್ಣನೂ ಹೌದು ಅಜ್ಜಿ, ಎರಡೂ ಮರಗೆಣಸಿನ ಹಿಟ್ಟೇ ಅಂದ. ಈಗ ಎಲ್ಲಿಗೆ ಹೋದರೂ ಅಜ್ಜಿ ಮೆನು ಇಸಕೊಂಡು ‘ಇದು ನಮ್ಮ ಯಾವುದು’ ಅಂತ ಹುಡುಕುತ್ತಾರೆ. ಅಜ್ಜಿ ಇಲ್ಲದೆ ಹೋದರೆ ಬೋರು. ಪ್ಲೀಸ್ ಹೋಗೋದು ಬಿಡಬೇಡಿ.
– ಮೊಮ್ಮಗಳು, ಶಿವಮೊಗ್ಗ

ಸಿಂಗಪುರಕ್ಕೆ ಬಂದು 19 ವರ್ಷ. ಇಲ್ಲಿ ಈ ಜಗಳವೇ ಹುಟ್ಟುವುದಿಲ್ಲ, ಕಾರಣ ಹಾಕರ್ ಸೆಂಟರ್, ಅಂದರೆ ಒಂದೇ ಸೂರಿನಡಿ ಸಾಲುಸಾಲು ಊಟದ ಅಂಗಡಿ. ಒಂದು ಮೇಜು ಹಿಡಿದು (ಕರ್ಚೀಫು ಹಾಕಿ ಬಸ್ ಸೀಟು ಹಿಡಿದ ಹಾಗೆ, ಇಲ್ಲಿ ಟಿಶ್ಯೂ ಪೊಟ್ಟಣ ಇಡುತ್ತಾರೆ) ನಾಲ್ಕು ಜನ ನಾಲ್ಕು ಅಂಗಡಿಯಿಂದ ತಂದು ತಿನ್ನುವುದು. ಅಮ್ಮ ಬಂದಾಗ ಅವರಿಗೆ ಚೀನೀ ಬೌದ್ಧರ ಸಸ್ಯಾಹಾರದ ಅಂಗಡಿ. ಮೊದಲ ದಿನ ಸೋಯಾದ ತುಂಡು ನೋಡಿ ‘ಮಾಂಸದ ಹಾಗೆ ಯಾಕೆ ಮಾಡ್ತಾರೆ, ತಿನ್ನಬಾರದು ಅಂದ ಮೇಲೆ?’ ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಕಾಫಿ ಮಾತ್ರ ಒಂದೇ ವಾರದಲ್ಲಿ ಒಲಿಯಿತು. ‘ಕೊಪಿ’ ಅಂದರೆ ಕಂಡೆನ್ಸ್‌ಡ್ ಹಾಲು ಹಾಕಿದ್ದು, ‘ಕೊಪಿ ಒ’ ಅಂದರೆ ಹಾಲಿಲ್ಲದ್ದು, ‘ಸಿಯು ದಾಯ್’ ಅಂದರೆ ಸಿಹಿ ಕಮ್ಮಿ, ‘ಕೊಸೊಂಗ್’ ಅಂದರೆ ಸಕ್ಕರೆಯೇ ಇಲ್ಲ. ಉದ್ದನೆ ಬಟ್ಟೆ ಚೀಲದಲ್ಲಿ ಸೋಸುವುದನ್ನು ನೋಡಿ ಕೊಪ್ಪದ ನಮ್ಮಜ್ಜಿಯ ಬಟ್ಟೆ ಸೋಸಿನ ಕಾಫಿ ನೆನಪಾಗಿ, ಊರಿಗೆ ಹೊರಡುವ ದಿನ ಆ ಚೀಲ ಎಲ್ಲಿ ಸಿಗುತ್ತದೆ ಅಂತ ಕೇಳಿದರು. ನಿಮ್ಮಲ್ಲಿ ಮಾಲ್‌ಗಳ ಫುಡ್ ಕೋರ್ಟ್ ಇದೆಯಲ್ಲ, ಒಂದು ವಾರ ಅಲ್ಲಿಗೆ ಹೋಗಿ.
– ಓದುಗ, ಸಿಂಗಪುರ

ಇದರಲ್ಲಿ ಏನೋ ಇದೆ ಅನಿಸುತ್ತದೆ. ಕೊನೆಯ ಪತ್ರವೂ ಇದೇ ದಾರಿ ಹಿಡಿದು ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ.

ತಪ್ಪಿಸಿಕೊಳ್ಳುವುದು ಯಾಕಮ್ಮ? ಒಂದು ಭಾನುವಾರ ನೀವೇ ಅವರನ್ನು ಕರೆದುಕೊಂಡು ಹೋಗಿ. ಎಲ್ಲಿಗೆ ಅನ್ನುವುದು ನಿಮ್ಮದು, ಬಿಲ್ಲೂ ನಿಮ್ಮದು. ಪೆನ್ಷನ್ ಇರುವುದು ಮತ್ಯಾಕೆ.

ನಾನು ಮೊಮ್ಮಗನನ್ನು ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸಿಗೆ ಕರೆದೊಯ್ದೆ. 2009ರವರೆಗೆ ಅದು ಎಂ.ಜಿ. ರಸ್ತೆಯಲ್ಲಿತ್ತು. ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳು ಕಿಟಕಿ ಪಕ್ಕ ಕೂತು ಒಂದೇ ಕಾಫಿಯಲ್ಲಿ ಒಂದೂವರೆ ಗಂಟೆ ಕಳೆದದ್ದು ಅಲ್ಲೇ, ಯಾರೂ ಎಬ್ಬಿಸಲಿಲ್ಲ. ಪೇಟ ಕಟ್ಟಿದ ಮಾಣಿಯನ್ನು ನೋಡಿ ಹುಡುಗ ‘ತಾತ, ಇವರು ರಾಜನಾ?’ ಅಂದ. ಕಾಫಿ ಬೋರ್ಡ್ ಅಂಗಡಿ ಮುಚ್ಚಲು ಹೊರಟಾಗ ನೌಕರರೇ 1957ರಲ್ಲಿ ಸಹಕಾರ ಸಂಘ ಕಟ್ಟಿಕೊಂಡು ನಡೆಸಿಕೊಂಡು ಬಂದದ್ದು ಅಂತ ಹೇಳಿದೆ. ಹಾಗಾದರೆ ರಾಜನೇ ಅಂದ. ನನ್ನ ಮಗ, ನಲವತ್ತು ದಾಟಿದವನು, ಬೆಂಗಳೂರಿನಲ್ಲೇ ಹುಟ್ಟಿದವನು, ಅವತ್ತೇ ಮೊದಲ ಸಲ ಅಲ್ಲಿಗೆ ಬಂದದ್ದು. ನಾನೂ ಕರೆದಿರಲಿಲ್ಲ.

ಈಗ ನಮ್ಮಲ್ಲಿ ಸರದಿ ಇದೆ. ನನ್ನ ವಾರ ದೋಸೆ, ಅವನ ವಾರ ರಾಮೆನ್. ಅವನ ವಾರ ನಾನು ಮನೆಯಲ್ಲಿ ಮೊಸರನ್ನ ತಿಂದೇ ಹೊರಡುತ್ತೇನೆ, ಅದು ಎಲ್ಲರಿಗೂ ಗೊತ್ತು.
– ಓದುಗ, ಬಸವನಗುಡಿ

ಈ ಪತ್ರಗಳನ್ನೆಲ್ಲ ಮೂಲ ಓದುಗರಿಗೆ ಫೋನಿನಲ್ಲಿ ಓದಿ ಹೇಳಿದೆವು. ತುಮಕೂರಿನ ತಾಯಿಗೆ ತಮ್ಮ ನಮಸ್ಕಾರ ತಿಳಿಸಲು ಹೇಳಿದ್ದಾರೆ. ಒಂದು ಪತ್ರವನ್ನು ಮಾತ್ರ ಎರಡನೇ ಸಲ ಓದಿಸಿಕೊಂಡರು, ಸ್ವಲ್ಪ ಹೊತ್ತು ಸುಮ್ಮನಿದ್ದು ಅದರ ಪ್ರತಿ ಬೇಕೆಂದರು. ಕಳಿಸಿದ್ದೇವೆ. ಫೋನ್ ಇಡುವ ಮುಂಚೆ, ಆ ಬೈಂದೂರಿನ ಹುಡುಗ ಕೆಲಸ ಮಾಡುವುದು ಯಾವ ಹೋಟೆಲು ಎಂದು ವಿಚಾರಿಸಿದರು. ಅವರು ನಮಗೂ ವಿಳಾಸ ಬರೆದಿಲ್ಲ. ಇದನ್ನು ಓದಿದರೆ ತಿಳಿಸಲಿ.