ಮನೆ ಲೇತಿಗೆ ಟೂಲ್ ಕಟ್ಟುವುದು: ಟರ್ನರ್ ಅಣ್ಣನನ್ನು ಕೇಳಿ

ಗ್ಯಾರೇಜ್ ಹುಡುಗ: ಅಣ್ಣ, ಮಿನಿ ಲೇತಿನಲ್ಲಿ (ಲೋಹ ತಿರುಗಿಸಿ ಕೊರೆಯುವ ಯಂತ್ರ) 20 ಎಂಎಂ ಎಂಎಸ್ (ಮೆದು ಉಕ್ಕು) ರಾಡ್ ಪಾರ್ಟಿಂಗ್, ಅಂದರೆ ಕಡಿದು ತುಂಡು ಮಾಡುತ್ತಿದ್ದೆ, ರಾಡ್ ಹಿಡಿಯುವ ಚಕ್‌ನಿಂದ 70 ಎಂಎಂ ಆಚೆ. ಟೂಲ್ ಕಚ್ಚಿಕೊಂಡು ರಾಡ್ ಚಕ್ ಬಿಟ್ಟು ಎದ್ದು ಬಂತು, ಬ್ಲೇಡ್ ಎರಡು ತುಂಡು. ಗ್ಲೌಸ್ ಇದ್ದಿದ್ದಕ್ಕೆ ಕೈ ಉಳಿಯಿತು.

ಟರ್ನರ್ ಅಣ್ಣ: ಗ್ಲೌಸಿನಿಂದ ಉಳಿದಿಲ್ಲ ಮಾರಾಯ, ಗ್ಲೌಸ್ ಇದ್ದೂ ಉಳಿದಿದೆ. ತಿರುಗುವ ಚಕ್ ಬಟ್ಟೆ ಹಿಡಿದರೆ ಬೆರಳನ್ನೂ ಸೇರಿಸಿ ಎಳೆಯುತ್ತದೆ. ಮೊದಲು ಅದನ್ನು ತೆಗೆದಿಡು.
ಈಗ ಪಾರ್ಟಿಂಗ್. 70 ಎಂಎಂ ಆಚೆ ರಾಡ್ ಬಾಗುತ್ತದೆ, ಬಾಗಿದ್ದು ಟೂಲ್ ಮೇಲೆ ಹತ್ತುತ್ತದೆ, ಅದೇ ನಿನಗೆ ಆಗಿದ್ದು. ಚಕ್‌ಗೆ ಆದಷ್ಟು ಹತ್ತಿರ ಕಡಿ. ಬ್ಲೇಡ್ 12 ಎಂಎಂ ಹೊರಗಿದ್ದರೆ 20ರ ರಾಡಿಗೆ ಸಾಕು, ನೀನು ಎಷ್ಟು ಬಿಟ್ಟಿದ್ದೆಯೋ ಹೇಳಲೇ ಇಲ್ಲ. ಬ್ಲೇಡಿನ ಪಕ್ಕವನ್ನು ನಿಂತ ಚಕ್‌ನ ಮುಖಕ್ಕೆ ತಾಗಿಸಿ ನೇರ ಮಾಡಿ ಬಿಗಿ ಮಾಡು, ಸ್ವಲ್ಪ ಓರೆ ಇದ್ದರೂ ಕಡಿದ ಸಂದಿಯಲ್ಲಿ ಉಜ್ಜುತ್ತದೆ. ಟೂಲನ್ನು ಉದ್ದಕ್ಕೆ ಸರಿಸುವ ಸ್ಯಾಡಲ್ ಲಾಕ್ ಮಾಡು. ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸು. ಟಕ್ ಟಕ್ ಅಂದರೆ ಜಿಬ್ (ಸ್ಲೈಡ್ ಬಿಗಿ ಮಾಡುವ ಪಟ್ಟಿ) ಸಡಿಲ, ಅದನ್ನು ಸರಿಮಾಡದೆ ಯಾವ ಟೂಲ್ ತಂದರೂ ಸುಮ್ನೆ ದುಡ್ಡು ದಂಡ. 150ರಿಂದ 200 ಆರ್‌ಪಿಎಂ ಸಾಕು, ಕಟಿಂಗ್ ಆಯಿಲ್ ಬಿಡುತ್ತಾ ಇರು. ಹೆದರಿ ನಿಲ್ಲಿಸಿ ನಿಲ್ಲಿಸಿ ಒತ್ತಬೇಡ, ಒಂದೇ ಸಮ ಒತ್ತು.

ಬೆಳಗಾವಿ ಬೋರಿಂಗ್: ಫೇಸಿಂಗ್ (ರಾಡಿನ ತುದಿಯ ಮುಖ ಸಮ ಮಾಡುವುದು) ಮಾಡಿದರೆ ನಡುವೆ ಮೊಳಕೆ ಥರ ಉಳಿಯುತ್ತದೆ ಸರ್.

ಟರ್ನರ್ ಅಣ್ಣ: ಟೂಲ್ ತುದಿ ರಾಡಿನ ನಡುಮಧ್ಯದ ಎತ್ತರಕ್ಕೆ (ಸೆಂಟರ್ ಹೈಟ್) ಇಲ್ಲ, ಬಹುಶಃ ಕೆಳಗಿದೆ. ಮೆಷಿನ್ ನಿಲ್ಲಿಸಿ, ತೆಳು ಸ್ಟೀಲ್ ಸ್ಕೇಲನ್ನು ರಾಡ್ ಮತ್ತು ಟೂಲ್ ತುದಿಯ ನಡುವೆ ಹಗುರಾಗಿ ಒತ್ತಿ ಹಿಡಿಯಿರಿ. ಮೇಲಿನ ತುದಿ ನಿಮ್ಮ ಕಡೆ ವಾಲಿದರೆ ಟೂಲ್ ಕೆಳಗಿದೆ, ಆಚೆ ವಾಲಿದರೆ ಮೇಲಿದೆ, ನೆಟ್ಟಗೆ ನಿಂತರೆ ಸರಿ. ಟೂಲ್ ಎತ್ತರಿಸಲು ಅಡಿಗೆ ಪ್ಯಾಕಿಂಗ್ ಆಗಿ ಹಳೆ ಆಕ್ಸಾ ಬ್ಲೇಡ್ ತುಂಡು ಇಡಿ.

ಮಲೆನಾಡು ಮೆಕ್: ಸರ್, ಅಲ್ಯುಮಿನಿಯಂ ಥ್ರೆಡ್ ಹಲ್ಲು ಕಿತ್ತು ಬರುತ್ತಿದೆ, ಏನು ಮಾಡಲಿ?

ಸರ್ವಜ್ಞಾನಿ_77: ಫಾರ್ವರ್ಡ್ ಬಂದಿದೆ: "ಟೂಲ್ ತುದಿ ಕೆಂಪಗೆ ಕಾಯಿಸಿ ತಣ್ಣೀರಿಗೆ ಅದ್ದಿ, ಎಂದೂ ಸವೆಯದು! 10 ಜನಕ್ಕೆ ಕಳಿಸಿ."

ಟರ್ನರ್ ಅಣ್ಣ: ಯಾರಿಗೂ ಕಳಿಸಬೇಡಿ. ಅದು ಹಳೆ ಕಾರ್ಬನ್ ಸ್ಟೀಲ್ ಉಳಿಯ ವಿದ್ಯೆ. ಈಗಿನ ಟೂಲಿನ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಹದ ಮಾಡಲು 1200 ಡಿಗ್ರಿ ಹತ್ತಿರದ ಕುಲುಮೆ ಬೇಕು. ನಿಮ್ಮ ಗ್ಯಾಸ್ ಟಾರ್ಚ್‌ನಲ್ಲಿ ಕೆಂಪಗೆ ಮಾಡಿದರೆ ಇದ್ದ ಹದವೂ ಹೋಗುತ್ತದೆ, ನೀರಿಗೆ ಅದ್ದಿದರೆ ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ತುಂಡು ಹಾರುವುದು ಕಣ್ಣಿಗೆ.

ಸಿಎನ್‌ಸಿ ಸೀನ: ಕಾರ್ಬೈಡ್ ಇನ್ಸರ್ಟ್ (ಟೂಲ್ ತುದಿಗೆ ಕೂರಿಸುವ ಗಟ್ಟಿ ಬಿಲ್ಲೆ) ಹಾಕಿ ಮುಗಿಸಿ. ಸಾಣೆ ಹಿಡಿಯುವ ಕಾಲ ಹೋಯ್ತು.

ಬೆಳಗಾವಿ ಬೋರಿಂಗ್: ಇದು ಪೀಣ್ಯದ ಕಾರ್ಖಾನೆಯ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ಅಲ್ಲ ಸ್ವಾಮಿ. ಮಿನಿ ಲೇತಿಗೆ ಅಷ್ಟು ಸ್ಪೀಡೂ ಇಲ್ಲ, ಬಿಗಿಯೂ ಇಲ್ಲ. ಗುದ್ದಿದರೆ ಮೊದಲು ಕಾರ್ಬೈಡೇ ಚೂರಾಗುವುದು.

ಸಿಎನ್‌ಸಿ ಸೀನ: ಅಲ್ಯುಮಿನಿಯಂಗೆ ಹೊಳಪು ಕೊಟ್ಟ ಚೂಪು ಇನ್ಸರ್ಟ್ ಇವೆ, ಮಿನಿ ಲೇತಿಗೂ ನಡೆಯುತ್ತವೆ. ನೋಡಿದ್ದೀರಾ?

ಬೆಳಗಾವಿ ಬೋರಿಂಗ್: ನೋಡಿದ್ದೇನೆ, ಬೆಲೆಯನ್ನೂ ನೋಡಿದ್ದೇನೆ. ನಿಮ್ಮ ದುಡ್ಡು, ನಿಮ್ಮಿಷ್ಟ.

ಹೊಸ ಸದಸ್ಯ: ಸರ್ ಸೆಂಟರ್ ಹೈಟ್ ಹೇಗೆ ನೋಡುವುದು?

ಟರ್ನರ್ ಅಣ್ಣ: ಮೇಲೆ ಇದೆ.

ಮಂಡ್ಯ ಮೋಟರ್: ಸೆಂಟರ್ ಹೈಟ್ ಸ್ವಲ್ಪ ಹೇಳಿ ಅಣ್ಣ.

ಟರ್ನರ್ ಅಣ್ಣ: ಸ್ಕೇಲ್. ಮೇಲೆ. ಓದಿ.

ಸಿಎನ್‌ಸಿ ಸೀನ: ಓದುವ ಅಭ್ಯಾಸ ಇದ್ದರೆ ತಾನೇ.

ಮಂಡ್ಯ ಮೋಟರ್: ನಿಮ್ಮನ್ನು ಯಾರು ಕೇಳಿದರು?

ಗ್ಯಾರೇಜ್ ಹುಡುಗ: ಅಣ್ಣ, ಜಿಬ್ ಪೂರ್ತಿ ಸಡಿಲ ಇತ್ತು. ಬ್ಲೇಡ್ 30 ಎಂಎಂ ಬಿಟ್ಟಿದ್ದೆ.

ಟರ್ನರ್ ಅಣ್ಣ: 30! ಸರಿ, ಬಿಗಿ ಮಾಡಿ ನಾಳೆ ಹೇಳು. ಚಕ್ ಕೀ ಚಕ್‌ನಲ್ಲೇ ಬಿಡಬೇಡ.

ಮಲೆನಾಡು ಮೆಕ್: ಸರ್, ನನ್ನ ಥ್ರೆಡ್?