ಬಣ್ಣದ ವೇಷದ ಮುಖವನ್ನು ಪಲ್ಸ್ ಲೇಸರ್‌ನಲ್ಲಿ ಹಾಲೋಗ್ರಾಮ್ ಮಾಡ್ಲಿಕ್ಕೆ ಆಗ್ತದಾ?

ಮುಳ್ಳೇರಿಯದ ಅಳಿಯ:

ನಮ್ಮ ದೊಡ್ಡ ಮಾವ ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರ ಮಾಡುವವರು. ಮೇಳ ಬಿಟ್ಟು ಮನೆಯಲ್ಲಿದ್ದಾರೆ, ಆದರೂ ಊರಿನ ಆಟಕ್ಕೆ ಕರೆದರೆ ಇಲ್ಲ ಅನ್ನುವುದಿಲ್ಲ. ಬರುವ ಮಕರ ತಿಂಗಳಲ್ಲಿ ಅವರ ಎಪ್ಪತ್ತರ ಭೀಮರಥ ಶಾಂತಿ. ಫೋಟೋ ಮನೆ ತುಂಬಾ ಉಂಟು, ಆದರೆ ಒಂದರಲ್ಲೂ ಮುಖಕ್ಕೆ ಹಿಟ್ಟಿನಿಂದ ಇಡುವ ಚುಟ್ಟಿ ಸರಿಯಾಗಿ ಕಾಣುವುದಿಲ್ಲ. ಮುಖದಿಂದ ಹೊರಗೆ ಎದ್ದು ನಿಂತ ಆ ಮುಳ್ಳುಗಳೆಲ್ಲ ಫೋಟೋದಲ್ಲಿ ಬರೀ ಬಿಳಿ ಚುಕ್ಕೆ. ಹಾಲೋಗ್ರಾಮ್ ಮಾಡಿಸಿದರೆ ಹೇಗೆ ಅಂತ ಆಲೋಚನೆ ಬಂತು. ಜೀವಂತ ಮನುಷ್ಯರದ್ದು ತೆಗೆಯಲಿಕ್ಕೆ ಕ್ಷಣಮಾತ್ರ ಮಿಂಚುವ ಪಲ್ಸ್ ಲೇಸರೇ ಬೇಕಂತೆ, ಹೌದಾ? ಮಂಗಳೂರಿನಲ್ಲಿ ಹಚ್ಚೆ ತೆಗೆಯುವ ಕ್ಲಿನಿಕ್‌ಗಳಲ್ಲಿ ಇರುವುದೂ ಪಲ್ಸ್ ಲೇಸರೇ ಅಂತ ಗೆಳೆಯನೊಬ್ಬ ಹೇಳಿದ. ಅದರಲ್ಲಿ ಆಗ್ತದಾ? ಕಣ್ಣಿಗೆ ಏನಾದರೂ ಆದೀತಾ?

ಕುಂಬಳೆ ಕರಾವಳಿ:

ಅಷ್ಟೆಲ್ಲ ತಲೆಬಿಸಿ ಯಾಕೆ ಮಾರಾಯ್ರೆ. ತ್ರೀಡಿ ಸ್ಕ್ಯಾನ್ ಮಾಡಿಸಿ ಒಂದು ಮೂರ್ತಿ ಪ್ರಿಂಟ್ ತೆಗೆಸಿ, ಕೆಲಸ ಮುಗೀತು.

ನೀರ್ಚಾಲು ಮಾಷ್ಟ್ರು:

ಮೂರ್ತಿ ಬೇರೆ, ಇದು ಬೇರೆ. ಹಾಲೋಗ್ರಾಮ್ ಅಂದರೆ ಆ ಮುಖದಿಂದ ಹೊರಟ ಬೆಳಕನ್ನೇ ಹಿಡಿದಿಡುವುದು. ಕಣ್ಣಿನ ಹೊಳಪೂ ಬರ್ತದೆ, ನೀವು ಬದಿಗೆ ಸರಿದರೆ ಆ ಹೊಳಪೂ ಸರಿಯುತ್ತದೆ.

ಕ್ಲಿನಿಕ್‌ನ ಲೇಸರ್ ವಿಷಯ ಮೊದಲು, ಅದನ್ನು ಇವತ್ತೇ ತಲೆಯಿಂದ ತೆಗೆದುಹಾಕಿ. ಪಲ್ಸ್ ನ್ಯಾನೊಸೆಕೆಂಡಿನದ್ದೇ, ಒಪ್ಪಿದೆ. ಆದರೆ ಆ ಯಂತ್ರದಲ್ಲಿ ಬೆಳಕಿನ ಸಂಸಕ್ತತೆ, ಅಂದರೆ ಅಲೆಗಳು ಹೆಜ್ಜೆ ತಪ್ಪದೆ ಸಾಗುವ ದೂರ, ಒಂದು ಸೆಂಟಿಮೀಟರ್ ಆಚೀಚೆ ಅಷ್ಟೇ. ಎಷ್ಟು ಆಳದವರೆಗೆ ಚಿತ್ರ ಸಿಗುತ್ತದೆ ಎಂಬುದು ಅದರ ಮೇಲೆ ನಿಂತಿದೆ. ಮೂಗಿನ ತುದಿಗೆ ಲೆಕ್ಕ ಹೊಂದಿಸಿದರೆ ಕೆನ್ನೆ ಕತ್ತಲೆ, ಕಿವಿ ಅಂತೂ ಇಲ್ಲವೇ ಇಲ್ಲ. ಭಾವಚಿತ್ರಕ್ಕೆಂದೇ ಮಾಡಿದ ಲೇಸರ್‌ನಲ್ಲಿ ಒಂದೇ ತರಂಗಾಂತರ ಕಟ್ಟುನಿಟ್ಟಾಗಿ ಹೊರಡುವಂತೆ ಮಾಡಿರುತ್ತಾರೆ, ಸಂಸಕ್ತತೆ ಮೀಟರ್ ದಾಟುತ್ತದೆ. ಕಣ್ಣಿನ ಮಾತು: ಆ ಕಿರಣ ನೇರ ಕಣ್ಣಿಗೆ ಬಿದ್ದರೆ ದೃಷ್ಟಿ ಹೋಯಿತು. ಸ್ಟುಡಿಯೋದಲ್ಲಿ ಕಿರಣವನ್ನು ಹಿಗ್ಗಿಸಿ, ದೊಡ್ಡ ಮಸುಕು ಗಾಜಿನ ಮೂಲಕ ಹಾಯಿಸಿ, ಅಳತೆ ಮಾಡಿದ ಮೇಲೆಯೇ ಮನುಷ್ಯನನ್ನು ಕೂರಿಸುತ್ತಾರೆ.

ಪಲ್ಸ್ ಯಾಕೆ ಬೇಕು? ಚಿತ್ರ ಹಿಡಿಯುವ ಪ್ಲೇಟಿನಲ್ಲಿ ಬೆಳಕಿನ ಅಲೆಗಳು ಸೇರಿ ಮಿಲಿಮೀಟರಿಗೆ ಸಾವಿರಗಟ್ಟಲೆ ಗೆರೆ ಮೂಡಬೇಕು. ಮುಖ ಮೈಕ್ರಾನಿನ ಹತ್ತರಲ್ಲೊಂದು ಪಾಲು ಅಲುಗಾಡಿದರೂ ಗೆರೆ ಕಲಸಿಹೋಗುತ್ತದೆ. ಸಾದಾ ಹೀಲಿಯಂ-ನಿಯಾನ್ ಲೇಸರ್‌ಗೆ ಸೆಕೆಂಡುಗಟ್ಟಲೆ ಎಕ್ಸ್‌ಪೋಷರ್ ಬೇಕು. ಉಸಿರು ಬಿಗಿಹಿಡಿದರೂ ನಾಡಿ ನಿಲ್ಲುವುದಿಲ್ಲವಲ್ಲ! ಪಲ್ಸ್ 20 ನ್ಯಾನೊಸೆಕೆಂಡ್ ಅಂತ ಇಟ್ಟುಕೊಳ್ಳಿ. ಅಷ್ಟರಲ್ಲಿ, ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ತಲೆ ತಿರುಗಿಸಿದರೂ ಅದು ಸರಿಯುವುದು 20 ನ್ಯಾನೊಮೀಟರ್. ಲೆಕ್ಕಕ್ಕೇ ಇಲ್ಲ. 1967ರ ಅಕ್ಟೋಬರಿನಲ್ಲಿ ಅಮೆರಿಕದ ಕಂಡಕ್ಟ್ರಾನ್ ಕಂಪನಿಯ ಲಾರೆನ್ಸ್ ಸೀಬರ್ಟ್ ಹೀಗೆ ಮಾಣಿಕ್ಯದ ಲೇಸರ್‌ನಿಂದ ತನ್ನದೇ ಮುಖ ತೆಗೆದ. ಮನುಷ್ಯನ ಹಾಲೋಗ್ರಾಮ್‌ನಲ್ಲಿ ಅದೇ ಮೊದಲಿನದ್ದು.

ನಿಮ್ಮ ಮಾವನಿಗೆ ಮಾತ್ರ ಆ ಮಾಣಿಕ್ಯದ ಲೇಸರ್ ಬೇಡ. ಅದರದ್ದು 694 ನ್ಯಾನೊಮೀಟರಿನ ಕಡುಕೆಂಪು. ಬರಿ ಮುಖವಾದರೆ ಕೆಂಪು ಬೆಳಕು ಚರ್ಮದೊಳಗೆ ಇಳಿದು ಹರಡಿ ಹೊರಬಂದು, ಮನುಷ್ಯ ಮೇಣದ ಗೊಂಬೆಯ ಹಾಗೆ ಕಾಣುತ್ತಾನೆ. ಬಣ್ಣ ದಪ್ಪಕ್ಕೆ ಬಳಿದ ಮುಖಕ್ಕೆ ಆ ತೊಂದರೆ ಕಡಿಮೆ, ಆದರೆ ಬೇರೊಂದು ಉಂಟು. ಕೆಂಪು ಬೆಳಕಿನಲ್ಲಿ ಕೆಂಪು ಬಣ್ಣದ ಇಂಗಳೀಕವೂ ಬಿಳಿ, ಚುಟ್ಟಿಯೂ ಬಿಳಿ. ಗಂಟೆಗಟ್ಟಲೆ ಕೂತು ಇಟ್ಟ ಚುಟ್ಟಿ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಹಸಿರು ಪಲ್ಸ್, ಅಂದರೆ ನಿಯೋಡಿಮಿಯಂ ಲೇಸರಿನ ಆವರ್ತನ ಇಮ್ಮಡಿಸಿ ಪಡೆದ 526 ಅಥವಾ 532 ನ್ಯಾನೊಮೀಟರಿನದ್ದು ಆದರೆ ಇಂಗಳೀಕ ಕಪ್ಪಾಗಿ, ಚುಟ್ಟಿ ಬೆಳ್ಳಗೆ ಎದ್ದು ನಿಲ್ಲುತ್ತದೆ. ಹಳದಿ ಬಣ್ಣದ ಅರದಾಳ ನಡುವೆ ಎಲ್ಲೋ ಬರ್ತದೆ. ಮೂಲ ಬಣ್ಣಗಳು ಬರುವುದಿಲ್ಲ, ಇಡೀ ಚಿತ್ರ ಒಂದೇ ಬಣ್ಣದ್ದು. ಅದಕ್ಕೆ ಮಾವನನ್ನು ಮೊದಲೇ ಒಪ್ಪಿಸಿಡಿ.

ಚೌಕಿಯ ಮೂಲೆ:

ಬಣ್ಣದ ಸಂಗತಿ ಇಷ್ಟು ಸರಿಯಾಗಿ ಹೇಳಿದ್ದು ಓದಿ ಖುಷಿಯಾಯ್ತು. ನಾನು ಚುಟ್ಟಿ ಇಡುವವನು. ಅಕ್ಕಿಹಿಟ್ಟು, ಸುಣ್ಣ ಕಲಸಿದ್ದು ಒಣಗಿದ ಮೇಲೆ ಕೆನ್ನೆ ಬಿಗಿಯುತ್ತದೆ, ನಕ್ಕರೆ ಬಿರುಕು. ಪ್ರಯಾಣ ಮಾಡಿ ಹೋಗುವುದಾದರೆ ಚುಟ್ಟಿ ಅಲ್ಲಿಯೇ ಇಡಬೇಕು, ಕಾರಿನಲ್ಲಿ ಒಯ್ಯುವ ವೇಷ ಅಲ್ಲ ಇದು. ತಲೆಯ ದೊಡ್ಡ ಕಿರೀಟ, ಕೇಸರಿತಟ್ಟಿಯೂ ಬರ್ತದಾ ಮಾಷ್ಟ್ರೆ?

ನೀರ್ಚಾಲು ಮಾಷ್ಟ್ರು:

ಒಳ್ಳೆ ಪ್ರಶ್ನೆ. ಪಲ್ಸ್ ಹಾಲೋಗ್ರಾಮ್ ಇದ್ದದ್ದು ಇದ್ದಷ್ಟೇ ಗಾತ್ರ, ಫೋಟೋದ ಹಾಗೆ ಸಣ್ಣದು ಮಾಡಲು ಬರುವುದಿಲ್ಲ. ಪ್ಲೇಟು 30x40 ಸೆಂಟಿಮೀಟರ್ ಆದರೆ ಮುಖ, ಕೊರಳು ಹಿಡಿಸೀತು. ಕೇಸರಿತಟ್ಟಿ ಅದರೊಳಗೆ ಎಲ್ಲಿ ಹಿಡಿಸ್ತದೆ? ಮೇಲಾಗಿ ಅದರ ಕನ್ನಡಿ ಚೂರು, ಬೇಗಡೆ ಎಲ್ಲ ಬೆಳಕನ್ನು ನೇರ ಪ್ಲೇಟಿಗೆ ಎಸೆದು ಕಲೆ ಮಾಡುತ್ತವೆ. ವೇಷ ಕಟ್ಟುವ ಚೌಕಿಯಲ್ಲಿ ಮುಖವರ್ಣಿಕೆ ಮುಗಿದು, ಕಿರೀಟ ಏರುವ ಮೊದಲು ಕನ್ನಡಿ ನೋಡಿಕೊಳ್ಳುವ ಹೊತ್ತು ಉಂಟಲ್ಲ, ಆ ಮುಖ ತೆಗೆಸಿ. ನನಗೆ ಕೇಳಿದರೆ ಅದೇ ಚಂದ.

ಇಡೀ ವೇಷ ಬಣ್ಣದಲ್ಲೇ ಬೇಕು ಅಂದರೆ ಇನ್ನೊಂದು ದಾರಿ: ಹಳಿಯ ಮೇಲೆ ಕ್ಯಾಮೆರಾ ಓಡಿಸಿ ನೂರಾರು ಚೌಕಟ್ಟು ತೆಗೆದು, ಅದರಿಂದ ಹಾಲೋಗ್ರಾಮ್ ಮುದ್ರಿಸುವುದು. ಜೆರ್ಸಿ ದ್ವೀಪದವರು ಇಂಗ್ಲೆಂಡಿನ ರಾಣಿ ಎಲಿಜಬೆತ್‌ಳದ್ದು ಮಾಡಿಸಿದಾಗಲೂ ಕ್ಯಾಮೆರಾವನ್ನು ಹಳಿಯ ಮೇಲೆ ಓಡಿಸಿದ್ದರು. ಗಾತ್ರ ಬೇಕಾದ ಹಾಗೆ ಇಳಿಸಬಹುದು, ಲೇಸರ್ ಮುಖಕ್ಕೆ ತಾಗುವುದೇ ಇಲ್ಲ. ಆದರೆ ಕ್ಯಾಮೆರಾ ಓಡುವ ಅಷ್ಟೂ ಹೊತ್ತು ಅಲುಗಾಡದೆ ಕೂರಬೇಕು, ಆಳ ತಿಳಿಯುವುದೂ ಎಡಬಲಕ್ಕೆ ಸರಿದಾಗ ಮಾತ್ರ. ಬಗ್ಗಿ ಗಲ್ಲದಡಿಯ ಚುಟ್ಟಿ ನೋಡುತ್ತೇನೆ ಅಂದರೆ ಕಾಣುವುದಿಲ್ಲ.

ಮುಳ್ಳೇರಿಯದ ಅಳಿಯ:

ಮಾವನಿಗೆ ಓದಿ ಹೇಳಿದೆ. "ಹಾಗಾದರೆ ಕಿರೀಟ ಇಲ್ಲದ್ದೇ ಆಗಲಿ, ಹಸಿರೇ ಆಗಲಿ" ಅಂದರು. ಆದರೆ ತೆಗೆಸುವುದು ಎಲ್ಲಿ? ಮನೆಯಲ್ಲಿ ಇಡುವುದು ಹೇಗೆ?

ನೀರ್ಚಾಲು ಮಾಷ್ಟ್ರು:

ಫೋಟೋ ಸ್ಟುಡಿಯೋದಲ್ಲಿ ಸಿಗುವ ಸಾಮಾನಲ್ಲ ಇದು. ಲಿಥುವೇನಿಯಾದ ಜಿಯೋಲಾ ಕಂಪನಿಯಂಥವರು ಈ ಹಸಿರು ಪಲ್ಸ್ ಲೇಸರ್ ಮಾಡುತ್ತಾರೆ. ನಮಗೆ ಹತ್ತಿರ ಅಂದರೆ ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದ ಫೋಟಾನಿಕ್ಸ್ (ಬೆಳಕಿನ ವಿಜ್ಞಾನ) ವಿಭಾಗ. ಯಾರ ಹತ್ತಿರ ಯಂತ್ರ ಉಂಟು ಅಂತ ವಿಚಾರಿಸಿ ಅಲ್ಲಿಗೊಂದು ಕಾಗದ ಬರೆಯಿರಿ, ವೇಷದ ಫೋಟೋ ಒಂದು ಜೊತೆಗಿಡಿ. ಮಕರಕ್ಕೆ ಆಗಲಿಕ್ಕಿಲ್ಲ, ಅವಸರ ಮಾಡಬೇಡಿ.

ಸ್ಟುಡಿಯೋದಲ್ಲಿ ತೆಗೆದ ಮೊದಲ ಪ್ಲೇಟನ್ನು ನೋಡಲಿಕ್ಕೆ ಮತ್ತೆ ಲೇಸರೇ ಬೇಕು. ಅದರಿಂದ ಬಿಳಿ ಬೆಳಕಿಗೆ ಕಾಣುವ ಪ್ರತಿ ಮಾಡಿಸಿಕೊಳ್ಳಿ. ಆಗ ಮೂಗು ಪ್ಲೇಟಿನ ಮುಂದೆ, ಕಿವಿ ಹಿಂದೆ ನಿಲ್ಲುವ ಹಾಗೆ ಕೂರಿಸಲೂ ಬರುತ್ತದೆ. ಚಾವಡಿಯಲ್ಲಿ ಟ್ಯೂಬ್‌ಲೈಟಿನ ಎದುರು ಇಟ್ಟರೆ ಎಲ್ಲ ಮಸುಕು ಮಸುಕು. ಒಂದೇ ಒಂದು ಹ್ಯಾಲೊಜನ್ ಸ್ಪಾಟ್, ಮೇಲಿನಿಂದ ಸುಮಾರು 45 ಡಿಗ್ರಿ ಓರೆಯಲ್ಲಿ ಬೀಳಬೇಕು. ಮಾಡಿದವರು ಬೇರೆ ಕೋನ ಹೇಳಿದರೆ ಅದೇ ಕೋನ. ಮಳೆಗಾಲದಲ್ಲಿ ನಮ್ಮಲ್ಲಿ ಗೋಡೆ ಬೆವರುತ್ತದೆ. ತೇವ ಎಳೆದು ಪ್ಲೇಟಿನ ಲೇಪ ಉಬ್ಬಿದರೆ ಚಿತ್ರದ ಬಣ್ಣವೇ ಬದಲಾಗುತ್ತದೆ, ಹಾಗಾಗಿ ಹಿಂದೆ ಕಪ್ಪು ಗಾಜು ಕೊಟ್ಟು ಅಂಚು ಸೀಲ್ ಮಾಡಿಸಿಯೇ ತನ್ನಿ.