ಪದಚರ್ಚೆ: ಲೇಸರ್ ಡಯೋಡಿಗೆ ‘ಹದದ ಕರೆಂಟ್’ ಅಂದರೆ ತಪ್ಪಾದೀತೇ?

ಬಳಗದವರಿಗೆ ನಮಸ್ಕಾರ.

ಹವ್ಯಾಸಕ್ಕೆ ಎಲೆಕ್ಟ್ರಾನಿಕ್ಸ್ ಮಾಡುವ ಹುಡುಗರಿಗೆಂದು ನಾಲ್ಕು ಪುಟದ ಟಿಪ್ಪಣಿ ಬರೆಯುತ್ತಿದ್ದೇನೆ. ಪಾಯಿಂಟರಿನೊಳಗೆ ಇರುತ್ತದಲ್ಲ, ಅಂಥ ಕೆಂಪು ಲೇಸರ್ ಡಯೋಡಿಗೆ ಎಷ್ಟು ಕರೆಂಟ್ ಕೊಟ್ಟರೆ ಅದು ಬಾಳುತ್ತದೆ ಎಂಬುದು ವಿಷಯ. ಲೆಕ್ಕ ಅರ್ಧ ಗಂಟೆಯಲ್ಲಿ ಮುಗಿಯಿತು. ಪದಗಳು ಮಾತ್ರ ಮೂರು ವಾರದಿಂದ ಸತಾಯಿಸುತ್ತಿವೆ.

ಮೊದಲು ‘ಕರೆಂಟ್’. ‘ಕರೆಂಟ್ ಹೋಯ್ತು’ ಅಂದರೆ ಮನೆಗೆ ಬರುವ ವಿದ್ಯುತ್ ನಿಂತಿತು. ‘ಕರೆಂಟ್ ಬಿಲ್ಲು’ ಯೂನಿಟ್ ಲೆಕ್ಕದ್ದು. ‘ಕರೆಂಟ್ ಹೊಡೀತು’ ಅಂದರೆ ಶಾಕ್. ಆಂಪಿಯರಿನಲ್ಲಿ ಅಳೆಯುವ ಕರೆಂಟು ಈ ಮೂರರಲ್ಲಿ ಯಾವುದೂ ಅಲ್ಲ. ಪಠ್ಯಪುಸ್ತಕದ ‘ವಿದ್ಯುತ್ ಪ್ರವಾಹ’ ಸರಿಯಾದದ್ದೇ, ಆದರೆ ಉದ್ದವಾಯಿತೆಂದು ‘ವಿದ್ಯುತ್’ ಕಳಚಿದರೆ ‘ಸುರಕ್ಷಿತ ಪ್ರವಾಹ’ ಎಂದು ಉಳಿಯುತ್ತದೆ. ಓದಿದವರು ಯಾವ ನದಿ ಎಂದು ಕೇಳಿಯಾರು. ಹಾಗಾಗಿ ‘ಕರೆಂಟ್’ ಎಂದೇ ಇಟ್ಟು, ಪಕ್ಕದಲ್ಲಿ ಮಿಲಿಆಂಪ್ ಲೆಕ್ಕ ತಪ್ಪದೆ ಬರೆದಿದ್ದೇನೆ.

ನನ್ನೆದುರಿನ ಡೇಟಾಶೀಟಿನಲ್ಲಿ (ತಯಾರಕರು ಕೊಡುವ ವಿವರಪಟ್ಟಿ) 650 ನ್ಯಾನೊಮೀಟರಿನ ಡಯೋಡಿಗೆ, 25 ಡಿಗ್ರಿ ಕಾವಿನಲ್ಲಿ, ಎರಡು ಕರೆಂಟುಗಳಿವೆ. 20 ಮಿಲಿಆಂಪಿನ ತನಕ ಅದು ಎಲ್‌ಇಡಿಯ ಹಾಗೆ ಸುಮ್ಮನೆ ಮಿಣುಕುತ್ತದೆ. ಅದನ್ನು ದಾಟಿದ ಮೇಲೆಯೇ ಲೇಸರ್, ಒಂದೊಂದು ಮಿಲಿಆಂಪಿಗೆ ಅರ್ಧರ್ಧ ಮಿಲಿವ್ಯಾಟ್ ಬೆಳಕು. 30ಕ್ಕೆ ಬಂದಾಗ 5 ಮಿಲಿವ್ಯಾಟ್. ಇದು ಅದರ ನಿತ್ಯದ ದುಡಿಮೆ. ಮೀರಬಾರದ ಮಿತಿಯನ್ನು ಕರೆಂಟಿನಲ್ಲಿ ಹೇಳಿಲ್ಲ, ಬೆಳಕಿನಲ್ಲಿ ಹೇಳಿದೆ: 7 ಮಿಲಿವ್ಯಾಟ್.

ಆ 20ಕ್ಕೆ ‘ಆರಂಭಿಕ ಕರೆಂಟ್’ ಎನ್ನಬಹುದೆಂದು ಸ್ನೇಹಿತರೊಬ್ಬರ ಸಲಹೆ. ನನಗೆ ಒಪ್ಪಿಗೆಯಿಲ್ಲ. ಪಂಪ್‌ಸೆಟ್ ಇಟ್ಟುಕೊಂಡವರಿಗೆ ಆ ಮಾತು ಬೇರೆಯೇ: ಮೋಟಾರು ಶುರುವಾಗುವಾಗ ಒಮ್ಮೆ ಜಾಸ್ತಿ ಎಳೆದು ಆಮೇಲೆ ಇಳಿಯುವ ಕರೆಂಟು. ಇಲ್ಲಿ ಹಾಗೆ ಇಳಿಯುವುದಿಲ್ಲ. ‘ಹೊಸ್ತಿಲು ಕರೆಂಟ್’ ನನಗೆ ಹಿಡಿಸಿದೆ. ‘ಹೊಸ್ತಿಲು ದಾಟಿತು’ ಎಂದರೆ ಯಾವ ಹುಡುಗನಿಗೂ ತಿಳಿಯುತ್ತದೆ. (ಹೊಸ್ತಿಲ ಮೇಲಿಟ್ಟ ದೀಪ ಒಳಗೂ ಹೊರಗೂ ಬೆಳಗುತ್ತದೆಂಬ ದೇಹಲೀದೀಪ ನ್ಯಾಯವೂ ನೆನಪಾಯಿತು, ಆದರೆ ಹೊಸ್ತಿಲಲ್ಲಿ ಕೂತ ಈ ದೀಪ ಒಳಗೂ ಬೆಳಗುವುದಿಲ್ಲ, ಹೊರಗೂ ಬೆಳಗುವುದಿಲ್ಲ.)

ನಿಜವಾದ ತೊಡಕು ‘ಗರಿಷ್ಠ’ದಲ್ಲಿ. ಹಾಸನದಲ್ಲಿ ಡಿಪ್ಲೊಮಾ ಓದುವ ಅಕ್ಕನ ಮಗನಿಗೆ ಮೊದಲ ಕರಡು ಕಳಿಸಿದ್ದೆ. 7 ಮಿಲಿವ್ಯಾಟಿಗೆ ಲೆಕ್ಕ ಹಾಕಿ ‘ಗರಿಷ್ಠ ಕರೆಂಟ್ 34 ಮಿಲಿಆಂಪ್’ ಎಂದು ಬರೆದಿದ್ದೆ. ಅವನು ನೆಟ್ಟಗೆ 34ಕ್ಕೇ ಇಟ್ಟ. ಎರಡು ದಿನ ಚೆನ್ನಾಗಿತ್ತು. ಮೂರನೆಯ ದಿನ, ಡಿಸೆಂಬರಿನ ಬೆಳಗಿನ ಜಾವ, ಫೋನು.

“ಮಾವ, ಚುಕ್ಕಿ ಬರ್ತಿಲ್ಲ.”

“ಸುಟ್ಟಿದೆ ಬಿಡೋ.”

“ಸುಟ್ಟಿಲ್ಲ ಮಾವ, ಉರೀತಾನೇ ಇದೆ. ಮಂಕಾಗಿದೆ ಅಷ್ಟೆ. ನೀವೇ ಗರಿಷ್ಠ 34 ಅಂತ ಬರ್ದಿದ್ರಲ್ಲ?”

ಅವನ ತಪ್ಪೇನೂ ಇಲ್ಲ. ನಮ್ಮ ಬದುಕಿನಲ್ಲಿ ‘ಗರಿಷ್ಠ’ ದಿನಾ ಕಾಣುವುದು ಬಿಸ್ಕತ್ತು ಪೊಟ್ಟಣದ ಮೇಲೆ, ಗರಿಷ್ಠ ಮಾರಾಟ ಬೆಲೆಯಾಗಿ. ಅಂಗಡಿಯಲ್ಲಿ ಅದನ್ನೇ ಕೊಡುತ್ತೇವೆ, ಅದಕ್ಕಿಂತ ಕಡಿಮೆ ಕೊಡಲು ಹೋದರೆ ಜಗಳ. ಡೇಟಾಶೀಟಿನ ಗರಿಷ್ಠವೋ, ಕ್ಷಣಕಾಲವೂ ಮೀರಬಾರದ ಗೆರೆ. ಅಲ್ಲಿ ‘ಎಲ್ಲೆ’ ಅಥವಾ ‘ಮೇರೆ’ ಹಾಕಿದರೆ ಒಂದು ಹೆಜ್ಜೆ ಹಿಂದೆ ನಿಲ್ಲಬೇಕೆಂಬ ಭಾವ ತಾನಾಗಿ ಬರುತ್ತದೆ. ನನ್ನ ಒಲವು ‘ಎಲ್ಲೆ’ಯ ಕಡೆ.

ಇನ್ನು ಆ ಬೆಳಗಿನ ಜಾವದ ವಿಷಯ. ಚಳಿಯಲ್ಲಿ ಹೊಸ್ತಿಲೇ ತಗ್ಗುತ್ತದೆ. 20 ಇದ್ದದ್ದು 18 ಆಯಿತು ಅನ್ನಿ, ಅದೇ 34 ಮಿಲಿಆಂಪಿಗೆ ಈಗ 7ರ ಬದಲು 8 ಮಿಲಿವ್ಯಾಟ್ ಬೆಳಕು. ಡಯೋಡಿನ ತುದಿಯಲ್ಲಿ ಕನ್ನಡಿಯಂಥ ಒಂದು ಮುಖವಿದೆ. ಅಷ್ಟು ಬೆಳಕು ಅದರೊಳಗಿಂದ ಹಾಯ್ದರೆ ಆ ಮುಖ ಹಾಳಾಗುತ್ತದೆ, ಅದಕ್ಕೆ ಮೈಕ್ರೊಸೆಕೆಂಡ್ ಸಾಕು. ಆಮೇಲೆ ಉಳಿಯುವುದು ಬರೀ ಎಲ್‌ಇಡಿ. ಇದಕ್ಕೆ ‘ಸುಟ್ಟಿತು’ ಹೊಂದುವುದಿಲ್ಲವೆಂದು ಹುಡುಗನೇ ತೋರಿಸಿಕೊಟ್ಟ. ‘ಸೀದಿದೆ’ ಅನ್ನಬಹುದೇ? ಸೀದ ಅನ್ನವೂ ಅನ್ನವೇ, ಬಾಯಿಗಿಡಲಾಗುವುದಿಲ್ಲ ಅಷ್ಟೆ.

ಇಲ್ಲಿಂದಲೇ ನನಗೆ ‘ಹದ’ ಹೊಳೆದದ್ದು. ‘ಸುರಕ್ಷಿತ ಕರೆಂಟ್’ ಎಂದು ಬರೆದರೆ ಯಾರಿಗೆ ಸುರಕ್ಷಿತ ಎಂಬ ಪ್ರಶ್ನೆ ಉಳಿಯುತ್ತದೆ. ಡಯೋಡಿಗೆ ಆರಾಮಾದ 30 ಮಿಲಿಆಂಪಿನ ಬೆಳಕು ನೇರ ಕಣ್ಣಿಗೆ ಬಿದ್ದರೆ ಆರಾಮವಲ್ಲ. ಕಣ್ಣಿಗಿರುವ ಅಪಾಯ ನೋಡಿ ಲೇಸರುಗಳನ್ನು ವಿಂಗಡಿಸುವ ಪಟ್ಟಿಯಲ್ಲಿ 5 ಮಿಲಿವ್ಯಾಟ್ ಎಂದರೆ 3ಆರ್ ವರ್ಗದ ಕೊನೆ, ಅದರ ಮೇಲಿನ ಹೆಚ್ಚು ಅಪಾಯದ ವರ್ಗ 3ಬಿ. ಆದ್ದರಿಂದ ‘ಸುರಕ್ಷಿತ’ವನ್ನು ಕಣ್ಣಿಗೇ ಮೀಸಲಿಟ್ಟು, ಡಯೋಡಿಗೆ ‘ಹದದ ಕರೆಂಟ್’ ಎಂದಿದ್ದೇನೆ. ಪಾಕದ ಹದ, ಮಣ್ಣಿನ ಹದ, ಹಿಟ್ಟಿನ ಹದ: ಎಲ್ಲವೂ ಹವೆಯ ಜೊತೆ ಬದಲಾಗುವಂಥವು. ಈ ಡಯೋಡಿನದೂ ಹಾಗೇ. ‘ಹದ ಮೀರಿತು’ ಎಂಬ ಮಾತೂ ಜೊತೆಗೇ ಸಿಗುತ್ತದೆ.

ಟಿಪ್ಪಣಿಯಲ್ಲಿ ಕೊಟ್ಟ ಹದ ಇದು: ಎಲ್‌ಎಂ 317 ಎಂಬ ವೋಲ್ಟೇಜ್ ನಿಯಂತ್ರಕ ಐಸಿಯನ್ನು ಸ್ಥಿರ ಕರೆಂಟ್ ಕೊಡುವಂತೆ ಜೋಡಿಸಿ 47 ಓಮಿನ ರೆಸಿಸ್ಟರ್ ಹಾಕುವುದು. ಆ ರೆಸಿಸ್ಟರಿನ ಮೇಲೆ ಐಸಿ ಕಾಯ್ದುಕೊಳ್ಳುವ 1.25 ವೋಲ್ಟನ್ನು 47ರಿಂದ ಭಾಗಿಸಿದರೆ 26.6 ಮಿಲಿಆಂಪ್, ಬೆಳಕು ಸುಮಾರು 3.3 ಮಿಲಿವ್ಯಾಟ್. ಚಳಿಗೆ ಹೊಸ್ತಿಲು ಎರಡು ತಗ್ಗಿದರೂ 4.3, ಎಲ್ಲೆ ಇನ್ನೂ ದೂರ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರೋಡಿನಲ್ಲಿ ಡೇಟಾಶೀಟ್ ಇಲ್ಲದೆ ಬಿಡಿಯಾಗಿ ತಂದ ಡಯೋಡಾದರೆ ಇನ್ನೂ ಕೆಳಗಿನಿಂದ ಶುರುಮಾಡಿ ಎಂದಿದ್ದೇನೆ.

ಆದರೂ ಒಂದು ಅಳುಕು ಬಿಟ್ಟಿಲ್ಲ. ಹದ ಎಂಬುದು ಕಣ್ಣಳತೆಯ, ಕೈಯಳತೆಯ ಮಾತು. ಪಾಕವನ್ನು ಬೆರಳಲ್ಲಿ ಎಳೆದು ನೋಡುವ ಹಾಗೆ ಹುಡುಗರು 47 ಓಮಿನ ಬದಲು ಪ್ರಿಸೆಟ್ (ತಿರುಗಿಸಿ ಬೆಲೆ ಬದಲಿಸುವ ರೆಸಿಸ್ಟರ್) ಹಾಕಿ, ಅದನ್ನು ತಿರುಗಿಸುತ್ತಾ, ಚುಕ್ಕಿ ಇನ್ನು ಹೆಚ್ಚು ಹೊಳೆಯದು ಅನ್ನಿಸುವವರೆಗೂ ಹೋದರೆ? ಡಯೋಡು ಸೀಯುವುದೇ ಹೀಗೆ. ಇಲ್ಲಿ ಹದ ಹೇಳಬೇಕಾದದ್ದು ಮಲ್ಟಿಮೀಟರ್, ಕಣ್ಣಲ್ಲ. ಮೊದಲ ಸಲವಂತೂ ಲೇಸರ್ ಡಯೋಡನ್ನೇ ಜೋಡಿಸದೆ, ಅದರ ಜಾಗದಲ್ಲಿ ಮೂರ್ನಾಲ್ಕು ಮಾಮೂಲಿ ಡಯೋಡು, ಜೊತೆಗೊಂದು 1 ಓಮಿನ ರೆಸಿಸ್ಟರ್ ಇಟ್ಟು ಅಳೆಯಬೇಕು. ರೆಸಿಸ್ಟರಿನ ಮೇಲೆ ಒಂದು ಮಿಲಿವೋಲ್ಟ್ ಕಂಡರೆ ಒಂದು ಮಿಲಿಆಂಪ್. ‘ಹದ’ ಎಂದು ಬರೆದ ತಪ್ಪಿಗೆ ಇಷ್ಟೆಲ್ಲ ವಿವರಿಸಬೇಕಾದರೆ ಆ ಪದ ಸೋತಿತು ಎಂದೇ ಅರ್ಥವೋ ಏನೋ.

ಮಂಡ್ಯದ ಕಡೆಯವರು, ಆಲೆಮನೆ ಬಲ್ಲವರು ಇಲ್ಲಿ ಇದ್ದರೆ ಒಂದು ಕೇಳಬೇಕು. ಬೆಲ್ಲದ ಪಾಕ ಹದಕ್ಕೆ ಬಂದ ಮೇಲೆ, ಸೀಯುವುದಕ್ಕೆ ತುಸು ಮುಂಚಿನ ಆ ಗಳಿಗೆಗೆ ನಿಮ್ಮಲ್ಲಿ ಬೇರೆ ಹೆಸರಿದೆಯೇ? ಇದ್ದರೆ ತಿಳಿಸಿ. ನನ್ನ ಟಿಪ್ಪಣಿಯಲ್ಲಿ 30ಕ್ಕೂ 34ಕ್ಕೂ ನಡುವಿನ ಜಾಗ ಇನ್ನೂ ಖಾಲಿ ಇದೆ.